ಸಾಫ್ಟ್‌ವೇರ್ ಜಾತ್ರೆಗೆ ಅಕ್ಕಡಿ ಸಾಲು ಕಂಡೀತೆ?

ಮನೆಯಲ್ಲಿ ನನಗೊಂದು ಅಡ್ಡಹೆಸರಿದೆ, ‘ಫೋನಪ್ಪ’ ಅಂತ. ಇಟ್ಟವಳು ನನ್ನ ಹೆಂಡತಿ. ಪ್ರತಿ ವರ್ಷ ಕೃತ್ತಿಕೆ ಮಳೆ ಹೊತ್ತಿಗೆ, ಅಂದರೆ ಮೇ ತಿಂಗಳ ನಡುವೆ, ಒಂದು ರಾತ್ರಿ ಜಗುಲಿಯಲ್ಲಿ ಫೋನು ಹಿಡಿದು ಕೂತರೆ ಹನ್ನೆರಡು ಗಂಟೆ ದಾಟಿದರೂ ನಾನು ಏಳುವುದಿಲ್ಲ. ಆವತ್ತು ಅಮೆರಿಕದಲ್ಲಿ ಗೂಗಲ್‌ನವರ ಜಾತ್ರೆ. ಸಾಫ್ಟ್‌ವೇರ್ ಬರೆಯುವವರನ್ನೆಲ್ಲ ಸೇರಿಸಿ ಈ ವರ್ಷ ಏನೇನು ಹೊಸದು ತರುತ್ತೇವೆ ಅಂತ ವೇದಿಕೆ ಮೇಲೆ ತೋರಿಸುತ್ತಾರೆ. 2008ರಿಂದ ನಡೀತಾ ಇದೆ, ಕೊರೋನಾ ಬಂದ 2020ರಲ್ಲಿ ಮಾತ್ರ ನಿಂತಿತ್ತು. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ ಅಂದರೆ ನಮಗೆ ರಾತ್ರಿ ಹತ್ತೂವರೆ. ಆಪಲ್‌ನವರ ಜಾತ್ರೆ ಜೂನಿನಲ್ಲಿ, ಮೃಗಶಿರಾ ಮಳೆಯ ಆಸುಪಾಸು. ಮೈಕ್ರೋಸಾಫ್ಟ್‌ನವರದ್ದೂ ಮೇ ತಿಂಗಳಿಗೇ ಬೀಳುವುದು ಹೆಚ್ಚು. ಬಿತ್ತನೆಗೆ ಮುಂಚೆ ನಾವು ಬೀಜ ಹೊಂದಿಸಿಕೊಳ್ಳುವ ಕಾಲಕ್ಕೇ ಅವರೂ ತಮ್ಮ ಬೀಜ ತೋರಿಸುತ್ತಾರೆ ಅಂತ ನಾನು ತಮಾಷೆ ಮಾಡುವುದುಂಟು.

ನಾನು ಓದಿದ್ದು ಏಳನೇ ಕ್ಲಾಸು. ಇರುವುದು ಮೂರು ಎಕರೆ ಕೆಂಪು ನೆಲ. ಬೋರ್‌ವೆಲ್ ಇಲ್ಲ, ಮಳೆ ಬಂದರೆ ಬೆಳೆ. ಇಂಥವನಿಗೆ ಅಮೆರಿಕದ ಜಾತ್ರೆ ಯಾಕೆ ಅಂತ ಕೇಳುವವರು ಊರಲ್ಲಿ ಬಹಳ ಇದ್ದಾರೆ. ನನ್ನ ಉತ್ತರ ಇಷ್ಟೆ: ಅಲ್ಲಿ ಇವತ್ತು ತೋರಿಸಿದ್ದು ನಾಲ್ಕೈದು ವರ್ಷಕ್ಕೆ ನಮ್ಮ ಜೇಬಿಗೆ ಬರುತ್ತೆ. ಬಂದ ಮೇಲೆ ಬೇಡ ಅಂದರೂ ಬಿಡುವುದಿಲ್ಲ. ಹಾಗಾಗಿ ಬರುವ ಮುಂಚೆ ಒಂದು ಸಲ ನೋಡಿಕೊಳ್ಳೋಣ ಅಂತ.

ಇಂಗ್ಲಿಷು ನನಗೆ ಕಾಲು ಭಾಗವೂ ಅರ್ಥವಾಗುವುದಿಲ್ಲ. ಅಕ್ಕನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮಾರನೆಯ ದಿನ ಫೋನು ಮಾಡಿ, ‘ಮಾವ, ನಿನ್ನೆ ನೋಡಿದ್ಯಾ? ಹೇಳ್ತೀನಿ ಕೇಳು’ ಅಂತ ಬಿಡಿಸಿ ಹೇಳುತ್ತಾನೆ. ಅವನಿಲ್ಲದಿದ್ದರೆ ನನ್ನದು ಬರೀ ಬೊಂಬೆಯಾಟ ನೋಡಿದ ಹಾಗೆ.

ಈ ಜಾತ್ರೆಗಳಿಂದ ನನಗೆ ಉಪಕಾರ ಆಗಿಲ್ಲ ಅಂದರೆ ಸುಳ್ಳಾಗುತ್ತೆ. 2017ರಲ್ಲಿ ಕಡಿಮೆ ಬೆಲೆಯ ಫೋನುಗಳಿಗಾಗಿ, 1 ಜಿಬಿ ಅಥವಾ ಅದಕ್ಕೂ ಕಡಿಮೆ ರ‍್ಯಾಮ್ ಇರುವಂಥವಕ್ಕೆ, ಹಗುರವಾದ ಆಂಡ್ರಾಯ್ಡ್ ಮಾಡುತ್ತೇವೆ ಅಂತ ಇದೇ ವೇದಿಕೆಯಲ್ಲಿ ಹೇಳಿದರು. ಆಂಡ್ರಾಯ್ಡ್ ಗೋ ಅಂತ ಅದರ ಹೆಸರು. ನನ್ನ ಮೊದಲನೇ ಟಚ್ ಫೋನು ಅದೇ. ಅದೇ ವರ್ಷ ಆಗಸ್ಟಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮಾಡಿಕೊಡುವ ಸೌಕರ್ಯವೂ ಗೂಗಲ್‌ನಿಂದ ಬಂತು. ಈ ಲೇಖನವನ್ನೂ ನಾನು ಮುಕ್ಕಾಲು ಪಾಲು ಬಾಯಲ್ಲೇ ಹೇಳಿ ಬರೆಸಿದ್ದು. ಬಾಯಲ್ಲಿ ಎಲೆ ಅಡಿಕೆ ಇರಬಾರದು, ಅಷ್ಟೇ. ಬೆರಳಲ್ಲಿ ಒತ್ತಿ ಬರೆಯಬೇಕಾಗಿದ್ದರೆ ನನ್ನಂಥವನು ಪತ್ರಿಕೆಗೆ ಬರೆಯುವುದು ದೂರದ ಮಾತು.

ಹಾಗಂತ ವೇದಿಕೆ ಮೇಲೆ ಕಂಡದ್ದೆಲ್ಲ ಹೊಲಕ್ಕೆ ಬರುವುದಿಲ್ಲ. 2018ರ ಜಾತ್ರೆಯಲ್ಲಿ ಯಂತ್ರವೇ ಕ್ಷೌರದಂಗಡಿಗೆ ಫೋನು ಮಾಡಿ, ಮನುಷ್ಯರ ಹಾಗೇ ಮಾತಾಡಿ ಟೈಮು ಗೊತ್ತು ಮಾಡಿದ್ದನ್ನು ಕೇಳಿಸಿದರು. ಸಭೆಗೆ ಸಭೆಯೇ ಚಪ್ಪಾಳೆ. ನಾನೂ ಬೆರಗಾದೆ. ನಮ್ಮೂರ ಕ್ಷೌರದಂಗಡಿಗೆ ಹಾಗೆ ಯಾರೂ ಇನ್ನೂ ಫೋನು ಮಾಡಿಲ್ಲ! ಹಗುರದ ಆಂಡ್ರಾಯ್ಡ್ ಕಥೆಯೂ ಅಷ್ಟೆ. 13ನೇ ಆಂಡ್ರಾಯ್ಡ್ ಬರುವ ಹೊತ್ತಿಗೆ ಅದಕ್ಕೇ 2 ಜಿಬಿ ರ‍್ಯಾಮ್ ಬೇಕು ಅಂದರು. ಹಗುರ ಅಂದದ್ದು ಎರಡರಷ್ಟು ಭಾರ ಆಯ್ತು. ಹಳೇ ಫೋನು ಈಗ ಮೊಮ್ಮಗಳ ಆಟದ ಸಾಮಾನು.

ಇದೆಲ್ಲ ಹೋಗಲಿ. ನಾನು ಬರೆಯಲು ಕೂತದ್ದು ನಮ್ಮ ಹೊಲದ ಬಗ್ಗೆಯೇ ಆದ ಒಂದು ಹೊಸ ಸಾಫ್ಟ್‌ವೇರ್ ವಿಷಯಕ್ಕೆ.

ಮೇ ತಿಂಗಳ ಜಾತ್ರೆಯ ಮರಿಜಾತ್ರೆಯೊಂದು ಬೆಂಗಳೂರಲ್ಲೂ ನಡೆಯುತ್ತೆ. 2024ರ ಜುಲೈ 17ರಂದು ನಡೆದದ್ದರಲ್ಲಿ ಗೂಗಲ್‌ನವರು ಬೇಸಾಯಕ್ಕೆ ಸಂಬಂಧಿಸಿದ ಒಂದನ್ನು ತಂದರು. ಉಪಗ್ರಹದಿಂದ ತೆಗೆದ ಚಿತ್ರ ನೋಡಿ ಕಂಪ್ಯೂಟರೇ ಹೊಲ ಯಾವುದು, ಅದರ ಬದು ಎಲ್ಲಿ, ನೀರಿನ ಗುಂಡಿ ಎಲ್ಲಿ, ಮರ ಎಲ್ಲಿ ಅಂತ ಗುರುತಿಸುತ್ತೆ. ಮರುವರ್ಷ, 2025ರ ಜುಲೈನಲ್ಲಿ, ಅದರ ಮೇಲೆ ಇನ್ನೊಂದು ಕಟ್ಟಿದರು. ಒಂದೊಂದು ಹೊಲದಲ್ಲಿ ಏನು ಬೆಳೆ ಇದೆ, ಎಷ್ಟು ವಿಸ್ತೀರ್ಣ, ಯಾವಾಗ ಬಿತ್ತಿದ್ದಾರೆ, ಯಾವಾಗ ಕೊಯ್ಲಿಗೆ ಬರುತ್ತೆ, ಹಿಂದಿನ ಮೂರು ವರ್ಷ ಅಲ್ಲಿ ಏನು ಬೆಳೆದಿದ್ದರು, ಇಷ್ಟನ್ನೂ ಹೇಳುತ್ತದಂತೆ. ಹದಿನೈದು ದಿನಕ್ಕೊಮ್ಮೆ ಹೊಸದಾಗಿ ನೋಡುತ್ತದಂತೆ.

ಇದು ನಾನು ನೀವು ಫೋನಿಗೆ ಹಾಕಿಕೊಳ್ಳುವ ಆ್ಯಪ್ ಅಲ್ಲ. ಆ್ಯಪ್ ಮಾಡುವವರಿಗೆ ಕೊಡುವಂಥದ್ದು, ಎಪಿಐ ಅನ್ನುತ್ತಾರೆ. ಕೆರೆಗೆ ತೂಬು ಇಟ್ಟ ಹಾಗೆ ಅಂತ ಇಟ್ಟುಕೊಳ್ಳಿ. ಕೆರೆ ಅವರದ್ದು. ತೂಬಿನಿಂದ ಸಾಲ ಕೊಡುವವರು, ವಿಮೆಯವರು, ಬೀಜ ಗೊಬ್ಬರದವರು ಯಾರು ಬೇಕಾದರೂ ತಮ್ಮ ಕಾಲುವೆಗೆ ನೀರು ಹರಿಸಿಕೊಳ್ಳಬಹುದು. ನೀರು ಯಾವುದು? ನಮ್ಮ ಹೊಲದ ಸುದ್ದಿ.

ಕೇಳಿದಾಗ ನನಗೆ ಮೊದಲು ಆದದ್ದು ಸಂತೋಷವೇ. ನಾನು ಯಂತ್ರದ ಹುಚ್ಚಿನವನು. ಆಕಾಶದಿಂದ ನನ್ನ ಮೂರು ಎಕರೆ ಕಾಣುತ್ತೆ ಅಂದರೆ ಮೈ ಜುಮ್ಮೆನ್ನದೆ ಇರುತ್ತದೆಯೇ? ಅಕ್ಕನ ಮಗನಿಗೆ ಒಂದೇ ಪ್ರಶ್ನೆ ಕೇಳಿದೆ. ‘ಅಲ್ಲಪ್ಪಾ, ನಮ್ಮ ಹೊಲಕ್ಕೆ ಅದು ಯಾವ ಬೆಳೆ ಅಂತ ಬರೆಯುತ್ತೆ?’ ಅವನು, ‘ರಾಗಿ ಅಂತ ಬರೆಯುತ್ತೆ ಬಿಡು ಮಾವ’ ಅಂದ. ‘ಅವರೆ?’ ಅಂದೆ. ಅವನು ಮಾತಾಡಲಿಲ್ಲ.

ಒಣಬೇಸಾಯದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಯಲ್ಲಿ ಓದುವ ನಿಮ್ಮ ಮಕ್ಕಳಿಗೆ ಬೇಕಾಗಬಹುದು ಅಂತ ಹೇಳುತ್ತೇನೆ. ನಮ್ಮ ಕಡೆ ರಾಗಿಯನ್ನು ಒಂದೇ ಬಿತ್ತುವುದಿಲ್ಲ. ಏಳೆಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ ಇರುತ್ತೆ, ತೊಗರಿ ಇರುತ್ತೆ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಇರುತ್ತೆ. ಹೊಲದ ಸುತ್ತ ಎರಡು ಸಾಲು ಜೋಳ, ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಹರಳು. ಹುಚ್ಚೆಳ್ಳು ಹೂಬಿಟ್ಟರೆ ಜೇನು ಬರುತ್ತೆ. ಜೋಳ ದನಕ್ಕೆ ಮೇವಾಗುತ್ತೆ. ಮಳೆ ಕೈಕೊಟ್ಟು ರಾಗಿ ಜೊಳ್ಳಾದ ವರ್ಷ ಮನೆ ಸಾರಿಗೆ ಕಾಳು ಕೊಡುವುದು ಅವರೆ, ತೊಗರಿ. ಕಾರ್ತಿಕದಲ್ಲಿ ರಾಗಿ ಕೊಯ್ದರೂ ಅವರೆ ನಿಂತಿರುತ್ತೆ, ತೊಗರಿ ಸಂಕ್ರಾಂತಿವರೆಗೂ ಇರುತ್ತೆ. ಇಂಥ ಹೊಲಕ್ಕೆ ‘ಕೊಯ್ಲಿನ ದಿನ’ ಅಂತ ಒಂದೇ ದಿನ ಎಲ್ಲಿಂದ ತರುವುದು? ಬಿತ್ತನೆಯೂ ಹಾಗೇ. ಪುನರ್ವಸುವಿನಲ್ಲಿ ಬಿತ್ತಿದ್ದು ಹುಟ್ಟದೆ ಪುಷ್ಯದಲ್ಲಿ ಮತ್ತೆ ಕೂರಿಗೆ ಹೂಡಿದ ವರ್ಷಗಳು ಎಷ್ಟಿಲ್ಲ!

ಇದು ಬರೀ ಅಕ್ಷರದ ತಪ್ಪು, ಅದರಿಂದ ಏನು ಮುಳುಗಿತು ಅನ್ನಬಹುದು. ನನ್ನ ವಿಷಯದಲ್ಲಿ ಸುಮಾರು ಹತ್ತು ಸಾವಿರ ರೂಪಾಯಿ ಮುಳುಗಿತು.

2024ರ ಮುಂಗಾರಿನಲ್ಲಿ ನಮ್ಮ ಹೊಲಕ್ಕೆ ಒಬ್ಬ ಹುಡುಗ ಫೋನು ಹಿಡಿದು ಬಂದಿದ್ದನಂತೆ. ಬೆಳೆ ದಾಖಲೆ ಮಾಡುವ ಆ್ಯಪ್. ನಾವು ಆವತ್ತು ಮದುವೆಗೆ ಹೋಗಿದ್ದೆವು. ದಾರಿ ಬದಿಯ ಬದುವಿನ ಮೇಲೆ ನಿಂತು ಫೋಟೋ ತೆಗೆದಿದ್ದಾನೆ. ಬದುವಿನ ಮೇಲೆ ನಿಂತರೆ ಎದುರಿಗೆ ಸಿಗುವುದು ಸುತ್ತು ಸಾಲಿನ ಜೋಳ, ಆಳೆತ್ತರ. ಅದರ ಹಿಂದಿನ ರಾಗಿ ಫೋಟೋದಲ್ಲಿ ಎಲ್ಲಿ ಬೀಳಬೇಕು? ದಾಖಲೆಗೆ ‘ಜೋಳ’ ಅಂತ ಏರಿತು. ಹುಡುಗನದ್ದು ಪೂರ್ತಿ ತಪ್ಪಲ್ಲ. ದಿನಕ್ಕೆ ಇಷ್ಟು ಹೊಲ ಮುಗಿಸಬೇಕು ಅಂತ ಅವನಿಗೂ ಒತ್ತಡ ಇರುತ್ತೆ.

ರಾಗಿ ಕೊಯ್ದು, ಕಣ ಮಾಡಿ, ತೂರಿ, ಮನೆಗೆ ಇಟ್ಟುಕೊಂಡು ಉಳಿದ ಹತ್ತು ಕ್ವಿಂಟಾಲನ್ನು ಬೆಂಬಲ ಬೆಲೆಗೆ ಕೊಡೋಣ ಅಂತ ಹೆಸರು ಬರೆಸಲು ಹೋದೆ. ಆ ಸಾಲಿಗೆ ರಾಗಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಕಂಪ್ಯೂಟರ್ ಮುಂದೆ ಕೂತಿದ್ದವರು ನನ್ನ ನಂಬರು ಒತ್ತಿ, ‘ಯಜಮಾನ್ರೇ, ನಿಮ್ಮ ಹೊಲದಲ್ಲಿ ಜೋಳ ಇದೆಯಲ್ಲ, ರಾಗಿ ಎಲ್ಲಿಂದ ತಂದ್ರಿ?’ ಅಂದರು. ಹಿಂದೆ ನಿಂತವರು ನಕ್ಕರು. ಕಳ್ಳತನದ ರಾಗಿ ತಂದವನ ಹಾಗೆ ನಿಂತಿದ್ದೆ. ತಿದ್ದಿಸಲು ಮೂರು ಕಡೆ ಅಲೆದೆ. ಇಲ್ಲಿ ಕೇಳಿದರೆ ಅಲ್ಲಿ, ಅಲ್ಲಿ ಕೇಳಿದರೆ ‘ತಿದ್ದೋ ಟೈಮು ಮುಗೀತು, ಸಾಫ್ಟ್‌ವೇರ್ ತಗೊಳ್ಳಲ್ಲ’. ಕೊನೆಗೆ ಊರಿಗೆ ಬಂದ ವ್ಯಾಪಾರಿಗೆ 3,300ರ ಹಾಗೆ ಕೊಟ್ಟು ಕೈತೊಳೆದುಕೊಂಡೆ. ಮಗಳ ಬಾಣಂತನಕ್ಕೆ ಅಂತ ಇಟ್ಟುಕೊಂಡಿದ್ದ ಲೆಕ್ಕ ಅದು. ಆ ದುಡ್ಡು ಸಾಲದೆ ಸಂಘದಲ್ಲಿ ಸಾಲ ಎತ್ತಿದೆವು.

‘ಸಾಫ್ಟ್‌ವೇರ್ ತಗೊಳ್ಳಲ್ಲ’ ಅನ್ನುವ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಎದುರಿಗೆ ರಾಗಿ ಚೀಲ ಇದೆ, ರಾಗಿ ಬೆಳೆದವನು ಇದ್ದಾನೆ, ಹೊಲದಲ್ಲಿ ಇನ್ನೂ ರಾಗಿ ಕೂಳೆ ನಿಂತಿದೆ. ಆದರೂ ಫೋನಿನ ಮಾತೇ ಮಾತು.

ಆವತ್ತು ಬದುವಿನ ಮೇಲೆ ಮನುಷ್ಯ ನಿಂತಿದ್ದ. ಊರವರು ನೋಡಿದ್ದರು, ಯಾರ ಮಗ ಅಂತ ಗೊತ್ತಿತ್ತು. ನಾಳೆ ಆಕಾಶದಿಂದ ನೋಡಿ ಬರೆದದ್ದು ತಪ್ಪಾದರೆ ಯಾರ ಮನೆ ಬಾಗಿಲಿಗೆ ಹೋಗಲಿ? ಬ್ಯಾಂಕಿಗೆ ಹೋದರೆ ನಮಗೆ ಬಂದ ಮಾಹಿತಿ ಹೀಗಿದೆ ಅನ್ನುತ್ತಾರೆ. ಮಾಹಿತಿ ಕೊಟ್ಟ ಆ್ಯಪಿನವರು ನಮಗೆ ತೂಬಿನಿಂದ ಬಂದದ್ದು ಇಷ್ಟೇ ಅನ್ನುತ್ತಾರೆ. ಕೆರೆಯವರ ವಿಳಾಸ ನಮಗೆ ಗೊತ್ತಿರುವುದಿಲ್ಲ. ನಮ್ಮ ಹೊಲಕ್ಕೆ ಏನು ಬರೆದಿದ್ದಾರೆ ಅನ್ನುವುದೇ ನಮಗೆ ತಿಳಿದಿರುವುದಿಲ್ಲ. ಸಾಲ ಸಿಗದಿದ್ದ ದಿನ ತಿಳಿಯುತ್ತೆ.

ನಾನು ಕೇಳುವುದು ದೊಡ್ಡದೇನಲ್ಲ. ಖಾತೆ ಬದಲಾವಣೆ ಮಾಡುವ ಮುಂಚೆ ನೋಟಿಸು ಹಚ್ಚುತ್ತಾರೆ. ತಕರಾರು ಇದ್ದವರು ಹೇಳಿ ಅಂತ ಕಾಲ ಕೊಡುತ್ತಾರೆ. ‘ಭೂಮಿ’ ಬಂದಾಗ ಇಡೀ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿತು. ಕೈಬರಹದ ಪಹಣಿ ಹೋಯಿತು, ತಕರಾರು ಹೇಳುವ ಪದ್ಧತಿ ಹೋಗಲಿಲ್ಲ. ಅದೇ ಪದ್ಧತಿ ಈ ಹೊಸ ಸಾಫ್ಟ್‌ವೇರ್‌ಗೂ ಬೇಕು. ನನ್ನ ಹೊಲಕ್ಕೆ ಏನು ಬರೆದಿದೆ ಅಂತ ನನಗೆ ಮೊದಲು ತೋರಿಸಲಿ, ಕನ್ನಡದಲ್ಲಿ. ಪಕ್ಕದಲ್ಲಿ ‘ತಕರಾರು’ ಅಂತ ಒಂದು ಗುಂಡಿ ಇರಲಿ. ಒತ್ತಿದರೆ, ನಾನು ಹೇಳಿದ್ದೂ ಅವರು ಬರೆದದ್ದೂ ಎರಡೂ ಒಟ್ಟಿಗೆ ತೂಬಿನಿಂದ ಹೊರಗೆ ಹೋಗಲಿ. ಬ್ಯಾಂಕಿನವರು ಎರಡನ್ನೂ ನೋಡಲಿ. ರೈತರೂ ಸುಳ್ಳು ಬರೆಯುತ್ತಾರೆ ಅಂತೀರಾ? ಬರೆಯುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ತಕರಾರು ಬಂದ ಹೊಲಕ್ಕೆ ಮನುಷ್ಯರು ಬಂದು ನೋಡಲಿ. ಬದು ದಾಟಿ ಒಳಗೆ ಬಂದು ನೋಡಲಿ!

ಇನ್ನೊಂದು ಮಾತು. ಹೊಸ ರಾಗಿ ತಳಿ ಬಿಡುಗಡೆ ಮಾಡಬೇಕಾದರೆ ವಿಶ್ವವಿದ್ಯಾಲಯದವರು ಹಲವು ವರ್ಷ, ಹಲವು ಜಾಗದಲ್ಲಿ ಬೆಳೆದು ನೋಡುತ್ತಾರೆ. ರೈತರ ಹೊಲಕ್ಕೂ ಕೊಟ್ಟು ನೋಡುತ್ತಾರೆ. ಬರ ಬಂದ ವರ್ಷ ಹೇಗೆ, ಬೆಂಕಿರೋಗ ಬಂದರೆ ಹೇಗೆ ಅಂತ ಬರೆದಿಡುತ್ತಾರೆ. ಸಾಫ್ಟ್‌ವೇರ್‌ನವರ ಪದ್ಧತಿ ಬೇರೆ. ಅರ್ಧ ಆದದ್ದನ್ನೇ ‘ಬೀಟಾ’ ಅಂತ ಹೆಸರಿಟ್ಟು ಬಿಟ್ಟು, ಜನ ಬಯ್ದ ಮೇಲೆ ತಿದ್ದುವ ರೂಢಿ. ಫೋಟೋ ಚೆಂದ ಮಾಡುವ ಆ್ಯಪಿಗೆ ಅದು ಸರಿ. ಹೊಲದ ಲೆಕ್ಕಕ್ಕೆ ಸರಿಯಲ್ಲ. ನಮಗೆ ವರ್ಷಕ್ಕೆ ಒಂದೇ ಬೆಳೆ. ತಿದ್ದಿಕೊಂಡು ಬರುವ ಹೊತ್ತಿಗೆ ವರ್ಷ ಹೋಗಿರುತ್ತೆ.

ಇದನ್ನೆಲ್ಲ ಅಕ್ಕನ ಮಗನ ಹತ್ತಿರ ವಾದ ಮಾಡಿದೆ. ಅವನು ಮೊದಲು, ‘ಮಾವ, ಲಕ್ಷಾಂತರ ಹೊಲ ನೋಡೋ ಯಂತ್ರಕ್ಕೆ ಒಂದು ಸಾಲು ಅವರೆ ಲೆಕ್ಕ ಅಲ್ಲ’ ಅಂದ. ಅವನ ಮಾತಿನಲ್ಲೂ ಹುರುಳಿದೆ. ಇಡೀ ತಾಲ್ಲೂಕಿಗೆ ಎಷ್ಟು ರಾಗಿ ಅಂತ ಅಂದಾಜು ಮಾಡಲು ಒಂದು ಸಾಲು ಅವರೆ ಬಿಟ್ಟುಹೋದರೆ ತೊಂದರೆಯಿಲ್ಲ. ಬರದ ವರ್ಷ ಎಲ್ಲಿ ಬಿತ್ತನೆ ಆಗಿಲ್ಲ ಅಂತ ಬೇಗ ತಿಳಿದರೆ ನಮಗೇ ಒಳ್ಳೆಯದು. ಅದಕ್ಕೇ ನಾನು ಈ ಯಂತ್ರ ಬೇಡ ಅನ್ನುವವರ ಗುಂಪಿಗೆ ಸೇರಿಲ್ಲ. ಆದರೆ ತಾಲ್ಲೂಕಿನ ಅಂದಾಜಿಗೆ ಮಾಡಿದ್ದನ್ನೇ ನನ್ನೊಬ್ಬನ ಸಾಲದ ಅರ್ಜಿಗೂ ಹಚ್ಚಿದರೆ ಆ ಒಂದು ಸಾಲು ಅವರೆಯೇ ಲೆಕ್ಕ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನೀನೇ ಬಂದು ಹೇಳು ಮಾವ’ ಅಂದ. ಬೆಂಗಳೂರಲ್ಲಿ ಇಂಥದ್ದೇ ಇನ್ನೊಂದು ಸಮ್ಮೇಳನ ಬರುತ್ತಿದೆಯಂತೆ. ಯಾರು ಬೇಕಾದರೂ ಅರ್ಜಿ ಹಾಕಬಹುದಂತೆ. ಕಳೆದ ಭಾನುವಾರ ಊರಿಗೆ ಬಂದವನು ನನ್ನ ಫೋನಿನಲ್ಲೇ ಅರ್ಜಿ ತುಂಬಿಸಿದ. ಹೆಸರು ಬರೆದೆವು, ಊರು ಬರೆದೆವು. ಉದ್ಯೋಗ ಅನ್ನುವ ಕಡೆ ಹದಿನೈದೋ ಇಪ್ಪತ್ತೋ ಹೆಸರು ಬಂತು, ರೈತ ಇರಲಿಲ್ಲ. ‘ಇತರೆ’ ಒತ್ತಿದೆವು. ಆಮೇಲೆ ‘ನಿಮ್ಮ ಕಂಪನಿ ಯಾವುದು’ ಅಂತ ಕೇಳಿತು. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಅಲ್ಲಿಗೆ ನಮ್ಮ ಹೊಲದ ಸರ್ವೆ ನಂಬರು ಬರೆದು ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.