ಸಂಗತ್ ಇದ್ದಲ್ಲಿಗೆ ಹೋಗುವ ಹಾಡು

ಹಾಡುಗಾರರು ಕಡಲಾಚೆಯ ನಾಡುಗಳಿಗೆ ಹೋಗಿ ಹಾಡಿ ಬರುವುದು ಇಂದು ಭಾರತದ ಎಲ್ಲ ಸಂಗೀತ ಪರಂಪರೆಗಳಲ್ಲೂ ರೂಢಿಯಾಗಿದ್ದರೂ, ಸಿಖ್ ಭಕ್ತಿಸಂಗೀತದ ವಿದೇಶ ಸಂಚಾರವು ಒಂದು ಮುಖ್ಯ ವಿಷಯದಲ್ಲಿ ಉಳಿದವುಗಳಿಂದ ಬೇರೆಯಾಗಿ ನಿಲ್ಲುತ್ತದೆ. ಅಲ್ಲಿ ಹಾಡುವವರು ರಂಗಮಂದಿರವನ್ನಾಗಲೀ ಟಿಕೆಟ್ ಕೊಳ್ಳುವ ಶ್ರೋತೃಗಳನ್ನಾಗಲೀ ಅರಸಿ ಹೋಗುವುದಿಲ್ಲ. ತಮಗಿಂತ ಎಷ್ಟೋ ದಶಕಗಳ ಮೊದಲೇ ಆ ನೆಲದಲ್ಲಿ ಬೇರೂರಿದ ಒಂದು ಕೂಟಕ್ಕೆ, ಎಂದರೆ ಗುರುದ್ವಾರದಲ್ಲಿ ನೆರೆಯುವ ಭಕ್ತಸಮೂಹವಾದ ‘ಸಂಗತ್’ಗೆ, ಹೋಗಿ ಸೇರುತ್ತಾರೆ. ದಾಸರ ಪದ, ವಚನಗಾಯನ, ಗಮಕ ಇವುಗಳನ್ನು ಹೊರನಾಡುಗಳಿಗೆ ಕೊಂಡೊಯ್ಯಲು ಇಷ್ಟೊಂದು ಹಂಬಲಿಸುತ್ತಿರುವ ಕನ್ನಡಿಗರು ಈ ಒಂದು ವ್ಯತ್ಯಾಸವನ್ನು ತಾಳ್ಮೆಯಿಂದ ಗಮನಿಸುವುದು ಅಗತ್ಯವಾಗಿದೆ.

ಸಿಖ್ಖರು ‘ಶಬದ್ ಕೀರ್ತನ’ವೆಂದು ಕರೆಯುವುದು ಗುರುವಾಣಿಯನ್ನು, ಎಂದರೆ ಗುರು ಗ್ರಂಥ ಸಾಹಿಬ್‌ನಲ್ಲಿರುವ ಪದಗಳನ್ನು, ರಾಗತಾಳಗಳಲ್ಲಿ ಹಾಡುವ ಕ್ರಮವನ್ನು. ಐದನೆಯ ಗುರು ಅರ್ಜನರು 1604ರಲ್ಲಿ ಸಂಕಲಿಸಿ ಅಮೃತಸರದ ಹರಿಮಂದಿರದಲ್ಲಿ ಸ್ಥಾಪಿಸಿದ ಈ ಗ್ರಂಥವು ಇಂದಿನ ರೂಪದಲ್ಲಿ 1430 ಪುಟಗಳಷ್ಟಿದ್ದು, ಅದರ ಬಹುಭಾಗವನ್ನು ವಿಷಯಾನುಸಾರವಾಗಿಯಾಗಲೀ ಕರ್ತೃಗಳ ಅನುಕ್ರಮದಲ್ಲಾಗಲೀ ಜೋಡಿಸದೆ 31 ರಾಗಗಳ ಅಡಿಯಲ್ಲಿ ವಿಂಗಡಿಸಲಾಗಿದೆ. ಹೀಗಾಗಿ ಸಂಗೀತವು ಈ ಗ್ರಂಥಕ್ಕೆ ಹೊರಗಿನಿಂದ ತೊಡಿಸಿದ ಅಲಂಕಾರವಾಗಿರದೆ ಅದರ ಒಳಗಟ್ಟೇ ಆಗಿದೆ. ಬಹಳಷ್ಟು ಪದಗಳಲ್ಲಿ ಒಂದು ಸಾಲಿನ ಪಕ್ಕದಲ್ಲಿ ‘ರಹಾವು’ ಎಂಬ ಗುರುತಿರುತ್ತದೆ; ನಿಲುಗಡೆ ಎಂಬ ಅರ್ಥದ ಈ ಗುರುತು ಪದದ ತಿರುಳು ಯಾವ ಸಾಲಿನಲ್ಲಿದೆ ಎಂಬುದನ್ನು ತೋರಿಸುತ್ತದೆ, ಮತ್ತು ಹಾಡುವವರು ಆ ಸಾಲನ್ನೇ ಮೊದಲು ಎತ್ತಿಕೊಂಡು ಪ್ರತಿ ಚರಣದ ಬಳಿಕ ಅದಕ್ಕೇ ಮರಳುತ್ತಾರೆ. ದಾಸರ ಪದಗಳ ಪಲ್ಲವಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪಲ್ಲವಿಯ ಆಯ್ಕೆಯನ್ನು ಗಾಯಕನ ಮನೋಧರ್ಮಕ್ಕೆ ಬಿಡದೆ ಗ್ರಂಥವೇ ನಿಗದಿ ಮಾಡಿರುವುದರಿಂದ, ಎಷ್ಟೇ ಸೊಗಸಾದ ಕಂಠವಿದ್ದರೂ ಬೇರೊಂದು ಸಾಲನ್ನು ಪಲ್ಲವಿಯಾಗಿಸಿ ಹಾಡಿದರೆ ಬಲ್ಲವರು ಅದನ್ನು ದೋಷವೆಂದೇ ಎಣಿಸುತ್ತಾರೆ. ನಾದವು ಮಾತಿಗೆ ಊಳಿಗ ಮಾಡಬೇಕೆಂಬ ಈ ಕಟ್ಟಳೆಯೇ ಕೀರ್ತನದ ಜೀವಾಳ.

ಈ ಸಂಗೀತವು ಹುಟ್ಟುವಾಗಲೇ ಸಂಚಾರಿಯಾಗಿತ್ತು. ಗುರು ನಾನಕರು ಕೈಗೊಂಡ ದೀರ್ಘ ಯಾತ್ರೆಗಳನ್ನು ‘ಉದಾಸಿ’ಗಳೆನ್ನುತ್ತಾರೆ, ಲಂಕೆಯಿಂದ ಮೆಕ್ಕಾ, ಬಾಗ್ದಾದ್‌ಗಳವರೆಗೆ ಅವು ಚಾಚಿದ್ದವೆಂದು ಸಿಖ್ ಪರಂಪರೆ ನಂಬುತ್ತದೆ. ನಾನಕರು ಹಾಡುತ್ತಿದ್ದರು, ಜೊತೆಯಲ್ಲಿದ್ದ ಮುಸ್ಲಿಂ ವಾದಕ ಭಾಯಿ ಮರ್ದಾನಾ ರಬಾಬ್ ಎಂಬ ತಂತಿವಾದ್ಯವನ್ನು ನುಡಿಸುತ್ತಿದ್ದರು. ಆ ಯಾತ್ರೆಗಳ ಒಂದು ನಿಲುಗಡೆ ಕರ್ನಾಟಕದ ಬೀದರ್ ಎಂಬ ನಂಬಿಕೆಯಿಂದಲೇ ಅಲ್ಲಿನ ಒರತೆಯ ಬಳಿ ನಾನಕ್ ಝಿರಾ ಗುರುದ್ವಾರ ನಿಂತಿದೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಮುಂದೆ ಬಂದ ‘ಪಂಜ್ ಪ್ಯಾರೇ’ ಎಂಬ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಗ್ರಂಥದ ರಾಗಗಳಲ್ಲಿಯೂ ರಾಮಕಲಿ ದಖಣಿ, ಮಾರೂ ದಖಣಿ, ಪ್ರಭಾತಿ ದಖಣಿ ಎಂಬ ಪ್ರಭೇದಗಳಿದ್ದು, ನಾನಕರ ‘ಓಅಂಕಾರ್’ ಎಂಬ ದೀರ್ಘ ರಚನೆ ರಾಮಕಲಿ ದಖಣಿಯಲ್ಲಿದೆ. ದಕ್ಷಿಣದ ಹಾಡಿಕೆಯ ಯಾವ ಎಳೆ ಈ ಪ್ರಭೇದಗಳಲ್ಲಿ ಸೇರಿದೆಯೆಂಬುದು ಕರ್ನಾಟಕದ ಸಂಗೀತಶಾಸ್ತ್ರಜ್ಞರು ಕೈಗೆತ್ತಿಕೊಳ್ಳಬೇಕಾದ ವಿಷಯ. ಬೀದರಿನ ನಂಟಿರುವ ನಾಡಿನಲ್ಲಿ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂಬುದು ಬೇಸರದ ಮಾತು.

ಸಂಗತ್ ಹೇಗೆ ಹಾಡುವ ಕೂಟವಾಯಿತೆಂಬುದಕ್ಕೆ ಪರಂಪರೆಯಲ್ಲಿ ಒಂದು ವೃತ್ತಾಂತವಿದೆ. ಗುರು ಅರ್ಜನರ ಸನ್ನಿಧಿಯಲ್ಲಿ ಹಾಡುತ್ತಿದ್ದ ಸತ್ತಾ ಮತ್ತು ಬಲವಂಡ್ ಎಂಬ ರಬಾಬಿಗಳು, ಎಂದರೆ ವಂಶಪಾರಂಪರ್ಯವಾಗಿ ಕೀರ್ತನ ನಡೆಸುವ ವೃತ್ತಿಯವರು, ಮುನಿಸಿಕೊಂಡು ಸೇವೆಯನ್ನು ನಿಲ್ಲಿಸಿದಾಗ, ಗುರುಗಳು ಬೇರೆ ವೃತ್ತಿಗಾಯಕರನ್ನು ಕರೆಸದೆ, ನೆರೆದ ಭಕ್ತರೇ ವಾದ್ಯ ಹಿಡಿದು ಹಾಡಬೇಕೆಂದು ಪ್ರೇರೇಪಿಸಿದರಂತೆ. ಮುಂದೆ ಆ ಇಬ್ಬರೂ ಮರಳಿ ಬಂದರು, ಅವರು ರಚಿಸಿದ ‘ವಾರ್’ ಎಂಬ ಸ್ತುತಿಗೀತೆಯೂ ಗ್ರಂಥದಲ್ಲಿ ಸ್ಥಾನ ಪಡೆಯಿತು. ಅಂದಿನಿಂದ ಮುಂದೆ ಕೇಳುವವರು ಹಾಡಬಲ್ಲವರೂ ಆದರು, ಮತ್ತು ಹೊಟ್ಟೆಪಾಡಿಗಾಗಿ ಕಡಲು ದಾಟಿದ ಸಾಮಾನ್ಯ ರೈತ, ಸಿಪಾಯಿ, ಬಡಗಿ ಕೂಡ ಹಾಡನ್ನು ತನ್ನೊಡನೆಯೇ ಒಯ್ಯುವುದು ಇದರಿಂದ ಸಾಧ್ಯವಾಯಿತು.

ಹೀಗೆ ಹೋದವರು ಮೊದಲು ಕಟ್ಟಿಕೊಂಡದ್ದು ಗುರುದ್ವಾರಗಳನ್ನು. ಕೆನಡಾದ ಅಬಟ್ಸ್‌ಫರ್ಡ್‌ನಲ್ಲಿ 1911ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ 1912ರಲ್ಲಿ, ಕೀನ್ಯಾದ ರೈಲುಮಾರ್ಗದ ಮಕಿಂಡುವಿನಲ್ಲಿ 1926ರಲ್ಲಿ ಅವು ಎದ್ದವು. ಮಕಿಂಡುವಿನದನ್ನು ಕಟ್ಟಿದವರು ರೈಲ್ವೆಯಲ್ಲಿ ದುಡಿಯುತ್ತಿದ್ದ ಸಿಖ್ಖರು. ದಾರಿಹೋಕರಿಗೆ ಊಟ ಮತ್ತು ತಂಗಲು ಜಾಗ ಕೊಡುವ ಪದ್ಧತಿ ಅಲ್ಲಿ ಇಂದಿಗೂ ನಡೆದಿದೆ. 

ಇಂದು ಪಂಜಾಬಿನಿಂದ ಹೊರಡುವ ‘ಜತ್ಥಾ’ ಸಾಮಾನ್ಯವಾಗಿ ಮೂವರ ಮೇಳ: ಹಾರ್ಮೋನಿಯಮ್ ಹಿಡಿದ ಇಬ್ಬರು ರಾಗಿಗಳು, ಎಂದರೆ ಕೀರ್ತನಕಾರರು, ಮತ್ತು ಒಬ್ಬ ತಬಲಾವಾದಕ. ವಿದೇಶದ ಗುರುದ್ವಾರದ ಆಡಳಿತ ಸಮಿತಿ ಆಹ್ವಾನಪತ್ರ ಕಳಿಸಿ ವೀಸಾಕ್ಕೆ ಹೊಣೆ ನಿಲ್ಲುತ್ತದೆ. ಬಂದವರು ಗುರುದ್ವಾರದ ಕೋಣೆಯಲ್ಲೇ ಉಳಿದು, ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ‘ಲಂಗರ್’ ಎಂಬ ಸಮೂಹ ಭೋಜನವನ್ನೇ ಉಣ್ಣುತ್ತಾರೆ. ಬೆಳಗಿನ ಜಾವದ ‘ಆಸಾ ದೀ ವಾರ್’, ಸಂಜೆಯ ಕೀರ್ತನ, ವಾರಾಂತ್ಯದ ದೊಡ್ಡ ಕೂಟ, ನಡುವೆ ಮದುವೆ, ಗೃಹಪ್ರವೇಶ, ಸಾವಿನ ಮನೆಯ ಹಾಡಿಕೆ ಹೀಗೆ ವಾರಗಟ್ಟಲೆ ಒಂದೇ ಊರಿನ ಬದುಕಿನೊಳಗೆ ಅವರು ಬೆರೆತಿರುತ್ತಾರೆ. ಕೇಳುವವರು ತಲೆ ಮುಚ್ಚಿ, ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂರುತ್ತಾರೆ. ಚಪ್ಪಾಳೆ ತಟ್ಟುವ ಪದ್ಧತಿಯಿಲ್ಲ. ಕಾಣಿಕೆಯನ್ನು ಹಾಡುವವರ ಮುಂದೆ ಇರಿಸಿ ಹೋಗುತ್ತಾರೆ. ಗುರುಮುಖಿ ಓದಲು ಬಾರದ ಮೂರನೆಯ ತಲೆಮಾರಿನ ಮಕ್ಕಳಿಗಾಗಿ ಹಾಡುತ್ತಿರುವ ಪದದ ಪಾಠ ಮತ್ತು ಅರ್ಥಗಳನ್ನು ಗೋಡೆಯ ಪರದೆಯ ಮೇಲೆ ತೋರಿಸುವ ಏರ್ಪಾಡು ಅನೇಕ ಕಡೆಗಳಲ್ಲಿದೆ.

ಈ ಸಂಚಾರದಲ್ಲಿ ಎಲ್ಲವೂ ಹಸನಾಗಿದೆಯೆಂದು ಹೇಳಲಾಗದು. ನಿಗದಿತ ರಾಗವನ್ನು ಬಿಟ್ಟು ಜನಪ್ರಿಯ ಧಾಟಿಗಳಿಗೆ ಪದಗಳನ್ನು ಹೊಂದಿಸುವ ಒಲವನ್ನು ಬಲ್ಲವರು ಬಹುಕಾಲದಿಂದ ಆಕ್ಷೇಪಿಸುತ್ತ ಬಂದಿದ್ದಾರೆ. 2022ರಲ್ಲಿ ಅಕಾಲ್ ತಖ್ತ್‌ನ ಜತ್ಥೇದಾರರು, ಎಂದರೆ ಸಿಖ್ ಧರ್ಮದ ಆ ಉನ್ನತ ಪೀಠದ ಮುಖ್ಯಸ್ಥರು, ಹರಿಮಂದಿರದಲ್ಲಿ ಹಾರ್ಮೋನಿಯಮ್ಮಿನ ಬದಲು ರಬಾಬ್, ಸರಂದಾ ಮೊದಲಾದ ತಂತಿವಾದ್ಯಗಳನ್ನು ಮೂರು ವರ್ಷಗಳಲ್ಲಿ ಮರಳಿ ತರಬೇಕೆಂದು ಸೂಚಿಸಿದರು. ಹರಿಮಂದಿರದ ಗರ್ಭಗೃಹದಲ್ಲಿ ಸ್ತ್ರೀಯರು ಕೀರ್ತನ ಹಾಡುವ ಪದ್ಧತಿ ಇಲ್ಲದಿರುವುದನ್ನು ಬದಲಿಸಬೇಕೆಂದು 2019ರ ನವೆಂಬರಿನಲ್ಲಿ ಪಂಜಾಬ್ ವಿಧಾನಸಭೆ ನಿರ್ಣಯವನ್ನೇ ಕೈಗೊಂಡಿತು. ಹೊರನಾಡುಗಳ ಗುರುದ್ವಾರಗಳಲ್ಲಾದರೋ ಹೆಣ್ಣುಮಕ್ಕಳು ಹಾಡುವುದು ದಿನನಿತ್ಯದ ನೋಟ. ಹರಿಮಂದಿರದ ಹುಜೂರಿ ರಾಗಿಯಾಗಿ, ಎಂದರೆ ಸನ್ನಿಧಿಯ ಅಧಿಕೃತ ಗಾಯಕರಾಗಿ, ಪ್ರಪಂಚದ ಅನೇಕ ದೇಶಗಳಲ್ಲಿ ಹಾಡಿ 2009ರಲ್ಲಿ ಪದ್ಮಶ್ರೀ ಪಡೆದಿದ್ದ ಭಾಯಿ ನಿರ್ಮಲ್ ಸಿಂಗ್ ಖಾಲ್ಸಾ ಅವರು ವಿದೇಶದಿಂದ ಮರಳಿದ ಕೆಲವೇ ವಾರಗಳಲ್ಲಿ, 2020ರ ಏಪ್ರಿಲ್ 2ರಂದು, ಕೋವಿಡ್‌ಗೆ ಬಲಿಯಾದಾಗ ಅಮೃತಸರದ ಬಳಿಯ ವೇರ್ಕಾದಲ್ಲಿ ಅವರ ದಹನಕ್ಕೆ ಸ್ಮಶಾನವನ್ನು ಬಿಟ್ಟುಕೊಡಲಿಲ್ಲ. ದೂರದ ಸಂಗತ್‌ಗಳಲ್ಲಿ ಅಷ್ಟು ಮನ್ನಣೆ ಪಡೆದ ಹಾಡುಗಾರನಿಗೆ ತವರಿನಲ್ಲಿ ಒದಗಿದ ಈ ಗತಿಯನ್ನು ರೋಗಭಯದ ಮೇಲೆ ಮಾತ್ರ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ.

ಕನ್ನಡದ ಭಕ್ತಿ ಪರಂಪರೆಗಳಿಗೆ ಕಡಲು ದಾಟುವುದೇ ಒಂದು ಕಾಲದಲ್ಲಿ ತೊಡಕಿನ ಪ್ರಶ್ನೆಯಾಗಿತ್ತು, ಮತ್ತು ಆ ಕಾಲ ತೀರಾ ಹಳೆಯದೇನಲ್ಲ. 2008ರ ಉಡುಪಿ ಪರ್ಯಾಯದ ವೇಳೆ, ವಿದೇಶ ಪ್ರವಾಸ ಮಾಡಿದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಕೃಷ್ಣವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ನಾಡಿನಾದ್ಯಂತ ಚರ್ಚೆಯಾಯಿತು. ಅದೇ ಮಠದ ಕೃಷ್ಣ ವೃಂದಾವನ ಇಂದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಿತ್ಯಪೂಜೆಯ ತಾಣವಾಗಿದೆ. 1978ರಲ್ಲಿ ಆರಂಭವಾದ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆಯಲ್ಲಿ ಅಲ್ಲಿಯೇ ಕಲಿತ ಮಕ್ಕಳು ವಿದ್ವಾಂಸರೊಡನೆ ಕೂಡಿ ಹಾಡುವುದರಿಂದ ಅದು ಸಂಗತ್‌ಗೆ ಸಾಕಷ್ಟು ಹತ್ತಿರವಾಗಿದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ಎರಡು ವರ್ಷಕ್ಕೊಮ್ಮೆ ನಡೆಸುವ ಸಮ್ಮೇಳನಗಳಿಗೆ ಕರ್ನಾಟಕದಿಂದ ಕಲಾವಿದರು ಹೋಗುತ್ತಾರಾದರೂ, ತುಂಬಿದ ವೇದಿಕೆಯಲ್ಲಿ ತಮ್ಮ ಪಾಲಿಗೆ ಬಂದ ಅಲ್ಪ ಅವಧಿಯಲ್ಲಿ ಹಾಡಿ ಮರಳಬೇಕಾಗುತ್ತದೆ. ಆ ಅವಧಿಯಲ್ಲಿ ಕೈಚಪ್ಪಾಳೆ ಗಿಟ್ಟಿಸಬಹುದು. ಒಂದು ಪದದ ಅರ್ಥವನ್ನು ನಾಟಿಸಲು ಅದು ಸಾಲದು.

ಕೀರ್ತನಕ್ಕೆ ಕನ್ನಡದಲ್ಲಿ ಅತ್ಯಂತ ಸಮೀಪದ ಕಲೆ ಗಮಕ. ಅದು ಕಡೂರು ಸೀಮೆಗೆ ಹೊಕ್ಕುಬಳಕೆಯ ಸಂಪತ್ತೂ ಹೌದು. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು, ವಾರ್ಧಕ ಷಟ್ಪದಿಯ ಅವನ 34 ಸಂಧಿಗಳನ್ನು ಗಮಕಿಗಳು ತಲೆಮಾರುಗಳಿಂದ ರಾಗಬದ್ಧವಾಗಿ ವಾಚಿಸಿದ್ದಾರೆ, ಓದು ಬಾರದವರೂ ಕಂಠಪಾಠ ಮಾಡಿದ್ದಾರೆ. ಗಮಕದಲ್ಲಿ ರಾಗವು ಪದ್ಯದ ಭಾವವನ್ನು ಹಿಂಬಾಲಿಸುತ್ತದೆ, ತಾಳದ ಕಟ್ಟು ಸಡಿಲವಾಗಿರುತ್ತದೆ, ಪದಚ್ಛೇದ ತಪ್ಪಿದರೆ ಸ್ವರಶುದ್ಧಿ ಎಷ್ಟಿದ್ದರೂ ವಾಚನ ಕೆಡುತ್ತದೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಗುರುದ್ವಾರದ ಪರದೆ ಮಾಡುವ ಕೆಲಸವನ್ನು ಗಮಕದಲ್ಲಿ ವ್ಯಾಖ್ಯಾನವು ಇನ್ನಷ್ಟು ಸಮೃದ್ಧವಾಗಿ ಮಾಡುತ್ತ ಬಂದಿದೆ. ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ ಈ ಕಲೆಗೆ ದೇಶದ ಗಮನ ದೊರೆಯಿತು. ಅವರು ಅದೇ ವರ್ಷಾಂತ್ಯದಲ್ಲಿ ತೀರಿಕೊಂಡರು. ಪಕ್ಕದ ಮತ್ತೂರಿನ ಮತ್ತೂರು ಕೃಷ್ಣಮೂರ್ತಿಯವರು ಲಂಡನ್ನಿನ ಭಾರತೀಯ ವಿದ್ಯಾಭವನವನ್ನು ಬಹುಕಾಲ ಮುನ್ನಡೆಸಿದವರು, ಕನ್ನಡ ನಾಡಿನಲ್ಲಿ ಗಮಕ ವ್ಯಾಖ್ಯಾನಕ್ಕೆ ಹೆಸರಾದವರು. ಹೊರನಾಡಿನಲ್ಲಿ ನೆಲೆನಿಂತು ಮಾಡುವ ಸಂಸ್ಕೃತಿಕಾರ್ಯವೂ ಕಾವ್ಯ ವ್ಯಾಖ್ಯಾನವೂ ಒಂದೇ ಬದುಕಿನಲ್ಲಿ ಹೊಂದಿಕೊಳ್ಳಬಲ್ಲವೆಂಬುದಕ್ಕೆ ಅವರೇ ನಿದರ್ಶನ.

ಗಮಕಿ ಮತ್ತು ವ್ಯಾಖ್ಯಾನಕಾರರ ಜೋಡಿಗೆ ಜತ್ಥಾದಷ್ಟೂ ಸರಂಜಾಮು ಬೇಕಿಲ್ಲ. ಮಕ್ಕಳ ಬೇಸಿಗೆ ರಜೆಯಲ್ಲಿ ಹೊರನಾಡಿನ ಒಂದೇ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕು ವಾರ ಉಳಿದು, ಕುಟುಂಬಗಳು ಸರದಿಯಂತೆ ಊಟ ವಸತಿಗಳನ್ನು ವಹಿಸಿಕೊಂಡು, ಸಂಜೆ ಹೊತ್ತು ‘ಜೈಮಿನಿ’ಯ ಒಂದು ಸಂಧಿಯನ್ನು ವಾಚಿಸಿ, ಹಗಲು ಅದೇ ಪದ್ಯಗಳನ್ನು ಮಕ್ಕಳ ಬಾಯಲ್ಲಿ ಕೂರಿಸುವುದು ದುಬಾರಿಯ ಕೆಲಸವೇನಲ್ಲ. ಕಲಾವಿದರ ವಿದೇಶ ಪ್ರಯಾಣಕ್ಕೆ ನೆರವು ಕೊಡುವ ಸರ್ಕಾರಿ ಇಲಾಖೆಗಳೂ ಅಕಾಡೆಮಿಗಳೂ ಸಮ್ಮೇಳನಗಳ ಆಹ್ವಾನಪತ್ರಕ್ಕೆ ಕೊಡುವ ಬೆಲೆಯನ್ನು ಇಂಥ ಶಾಲೆಯೊಂದರ ಆಹ್ವಾನಕ್ಕೂ ಕೊಡಬೇಕು, ಮತ್ತು ಹೋಗುವ ಗಮಕಿಗಳ ಆಯ್ಕೆಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಊರುಗಳಲ್ಲಿ ಇಂದಿಗೂ ವಾಚಿಸುತ್ತಿರುವವರನ್ನು ಮರೆಯಬಾರದು.