ರಾಶಿ ಮಷಿನ್ನಿಗೆ ಹಲ್ಲು ಬರೆದ ಹುಡುಗಿ ಮಾಡಿದ ತಪ್ಪೇನು?

ಕಳೆದ ದೀಪಾವಳಿ ಮುಗಿದ ಮೇಲೆ ನಮ್ಮೂರ ಶಾಲೆಯ ಕಾಂಪೌಂಡಿಗೆ ಬಣ್ಣ ಹಚ್ಚಿಸಿದರು. ಹಾವೇರಿ ಜಿಲ್ಲೆಯ ಸಣ್ಣ ಊರು ನಮ್ಮದು. ಪಟ್ಟಣದಿಂದ ಬಂದ ಪೇಂಟರ್ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿ, 'ಯಾವ್ಯಾವ್ದು ಬೇಕು ಹೇಳ್ರಿ' ಅಂದ. ಮೂರು ದಿನದಲ್ಲಿ ಗೋಡೆ ತುಂಬಿತು. ಛೋಟಾ ಭೀಮ್, ಡೋರೆಮಾನ್, ಮಿಕ್ಕಿ ಮೌಸ್. ಗೇಟಿನ ಆ ಕಡೆ ಎರಡು ಬೆಟ್ಟ, ಅವುಗಳ ನಡುವೆ ಸೂರ್ಯ, ಕೆಳಗೊಂದು ಹೊಳೆ, ದಂಡೆಯಲ್ಲಿ ಗುಡಿಸಲು, ಗುಡಿಸಲಿನ ಪಕ್ಕ ಬಾಗಿದ ತೆಂಗಿನ ಮರ.

ಈ ಎರಡು ಬೆಟ್ಟದ ಚಿತ್ರ ನಿಮಗೂ ಗೊತ್ತು. ನೀವೂ ಬರೆದಿದ್ದೀರಿ, ನಾನೂ ಬರೆದಿದ್ದೇನೆ. ಕರ್ನಾಟಕದ ಯಾವ ಶಾಲೆಗೆ ಹೋಗಿ ಮಕ್ಕಳ ಕೈಗೆ ಹಾಳೆ ಕೊಟ್ಟರೂ ಅರ್ಧ ಮಕ್ಕಳು ಅದನ್ನೇ ಬರೆದು ಕೊಡುತ್ತಾರೆ. ನಮ್ಮೂರಲ್ಲಿ ಬೆಟ್ಟವೇ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಗೋವಿನಜೋಳ, ಹತ್ತಿ, ನಡುನಡುವೆ ಮೆಣಸಿನ ಗಿಡ. ಇಡೀ ಗೋಡೆಯಲ್ಲಿ ಒಂದು ಗೋವಿನಜೋಳದ ತೆನೆ ಇರಲಿಲ್ಲ.

ಆ ಕೊರತೆಯನ್ನು ನೀಗಿಸಿದ್ದು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ. ಅವರ ಮನೆ ಮುಂದಿನ ಕಣದಲ್ಲಿ ಹಿಂದಿನ ದಿನವಷ್ಟೇ ರಾಶಿ ನಡೆದಿತ್ತು. ಮರುದಿನ ಬೆಳಿಗ್ಗೆ ಬೇಗ ಬಂದು, ಡೋರೆಮಾನ್ ಪಕ್ಕ ಉಳಿದಿದ್ದ ಖಾಲಿ ಜಾಗದಲ್ಲಿ ಇದ್ದಲಿನಿಂದ ರಾಶಿ ಮಷಿನ್ ಬರೆದಳು. ಮಷಿನ್ನಿಗೆ ಎರಡು ದೊಡ್ಡ ಕಣ್ಣು, ಬಾಯಿ ತುಂಬ ಹಲ್ಲು. ಒಂದು ಕಡೆಯಿಂದ ತೆನೆ ನುಂಗುತ್ತಿದೆ, ಇನ್ನೊಂದು ಕಡೆ ಕಾಳು ಕಾರುತ್ತಿದೆ, ತಲೆಯ ಮೇಲೆ ಹೊಟ್ಟು ಹೊಗೆಯ ಹಾಗೆ ಹಾರುತ್ತಿದೆ. ಮುಂದೆ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಸಣ್ಣ ಮನುಷ್ಯ, ಅದಕ್ಕೆ ಊಟ ಹಾಕುವವನ ಹಾಗೆ ಬುಟ್ಟಿ ಹಿಡಿದು ನಿಂತಿದ್ದಾನೆ. ಅದು ಅವಳಪ್ಪ.

ಗೋಡೆ ಹಾಳು ಮಾಡಿದಳೆಂದು ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಎದುರು ನಿಲ್ಲಿಸಿ ಬೈದರು. 'ಇಷ್ಟು ರೊಕ್ಕಾ ಹಾಕಿ ಬಣ್ಣಾ ಹಚ್ಚಿಸೇವಿ, ಇದ್ದಲೀಲೆ ಗೀಚ್ತೀಯೇನು?' ಬಕೆಟ್ ಕೊಟ್ಟು ಅವಳ ಕೈಯಿಂದಲೇ ಒರೆಸಿದರು. ಇದ್ದಲು ಪೂರ್ತಿ ಹೋಗಲಿಲ್ಲ, ಡೋರೆಮಾನ್ ಕಾಲಿನ ಹತ್ತಿರ ಈಗಲೂ ಕಪ್ಪು ಮಸಿ ಉಳಿದಿದೆ. ನಾನು ಆವತ್ತು ಗೇಟಿನ ಹೊರಗೆ ಬೈಕ್ ನಿಲ್ಲಿಸಿಕೊಂಡು ನೋಡುತ್ತಿದ್ದೆ. ಅಳಿಸುವ ಮೊದಲು ಒಂದು ಫೋಟೊ ತೆಗೆದುಕೊಂಡೆ, ಬಾಯಿ ಬಿಡಲಿಲ್ಲ. ಪತ್ರಿಕೋದ್ಯಮ ಓದಿದವನು ಅಂತ ಹೇಳಿಕೊಳ್ಳುತ್ತೇನೆ. ಆ ನಾಚಿಕೆಗೇ ಇದನ್ನು ಬರೆಯುತ್ತಿದ್ದೇನೆ.

ನೇರವಾಗಿ ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ. ಆ ಗೋಡೆಯಲ್ಲಿ ನಿಂತು ನೋಡುವಂಥದ್ದು ಇದ್ದದ್ದು ಅದೊಂದೇ. ಉಳಿದದ್ದೆಲ್ಲ ಬಣ್ಣದ ಖರ್ಚು.

'ಕಲೆ-ಗಿಲೆ ಬೆಂಗಳೂರಿನವರಿಗೆ, ನಮಗ್ಯಾಕೆ' ಅನ್ನುವವರು ಬಹಳ. ಅವರಿಗೆ ಬೆಂಗಳೂರಿನದೇ ಒಂದು ಸುದ್ದಿ ನೆನಪಿಸುತ್ತೇನೆ. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಜನ ದೂರು ಕೊಟ್ಟು ಸುಸ್ತಾಗಿದ್ದರು. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ಆಳುದ್ದದ ಮೊಸಳೆ ಮಾಡಿ ತಂದು ಆ ಗುಂಡಿಯ ನೀರಿನಲ್ಲಿ ಬಿಟ್ಟರು. ಸುತ್ತ ನೀರಿಗೆ ಹಸಿರು ಬಣ್ಣ. ಅಷ್ಟೇ. ಫೋಟೊ ದೇಶವೆಲ್ಲ ಓಡಾಡಿತು, ಗುಂಡಿ ಮುಚ್ಚಲು ಜನ ಬಂದರು. 2019ರಲ್ಲಿ ಅದೇ ಬಾದಲ್ ಒಬ್ಬ ನಟನಿಗೆ ಗಗನಯಾತ್ರಿಯ ವೇಷ ಹಾಕಿಸಿ, ಗುಂಡಿಗಳ ರಸ್ತೆಯಲ್ಲಿ ರಾತ್ರಿ ಮೆಲ್ಲಗೆ ನಡೆಸಿ ವಿಡಿಯೊ ಮಾಡಿದರು. ನೋಡಿದರೆ ಚಂದ್ರನ ನೆಲ. ಪಕ್ಕದಲ್ಲಿ ಆಟೊ ಹಾದು ಹೋದಾಗ ಗೊತ್ತಾಗುತ್ತದೆ, ಇದು ನಮ್ಮದೇ ರಸ್ತೆ ಅಂತ. ನಿಮ್ಮ ಫೋನಿಗೂ ಆ ವಿಡಿಯೊ ಬಂದಿರುತ್ತದೆ, ನಕ್ಕು ಫಾರ್ವರ್ಡ್ ಮಾಡಿರುತ್ತೀರಿ.

ಬಾದಲ್ ಮಾಡಿದ್ದೇನು? ಗುಂಡಿಯನ್ನು ನೋಡಿದರು, ಕೆರೆ ಕಂಡಿತು. ರಸ್ತೆ ನೋಡಿದರು, ಚಂದ್ರ ಕಂಡ. ನಮ್ಮೂರ ಹುಡುಗಿ ರಾಶಿ ಮಷಿನ್ ನೋಡಿದಳು, ಹಸಿದ ಪ್ರಾಣಿ ಕಂಡಿತು. ಕೈಚಳಕದಲ್ಲಿ ಬಾದಲ್ ಎಲ್ಲಿ, ಇವಳೆಲ್ಲಿ, ನಿಜ. ನೋಡುವ ಕಣ್ಣು ಮಾತ್ರ ಒಂದೇ ಜಾತಿಯದು. ಅವರ ವಿಡಿಯೊಗೆ ಲೈಕ್ ಒತ್ತುವ ನಾವೇ ಇವಳ ಕೈಗೆ ಬಕೆಟ್ ಕೊಟ್ಟೆವು.

ಇನ್ನೊಬ್ಬರ ಹೆಸರು ಹೇಳಬೇಕು. ಟಿವಿಯಲ್ಲಿ ಬರುವ ಹೆಸರಲ್ಲ. ಶೀಲಾ ಗೌಡ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಮೊದಲು ಎಲ್ಲರಂತೆ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. 1990ರ ದಶಕದಲ್ಲಿ ಸಗಣಿ ಹಿಡಿದರು. ಹೌದು, ನಿಮ್ಮ ಕೊಟ್ಟಿಗೆಯಲ್ಲಿ ಬೀಳುವ ಅದೇ ಸಗಣಿ. ಆಮೇಲೆ ಉದ್ದುದ್ದ ದಾರಗಳನ್ನು ಸೂಜಿಗಳಿಗೆ ಪೋಣಿಸಿ, ಕುಂಕುಮ ಹಚ್ಚಿ, ಕೆಂಪು ಹಗ್ಗ ಮಾಡಿ ಕೋಣೆ ತುಂಬ ಇಳಿಬಿಟ್ಟರು. ರಸ್ತೆ ಕೆಲಸದವರು ಡಾಂಬರು ಡ್ರಮ್ ಬಡಿದು ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುತ್ತಾರಲ್ಲ, ಅದೇ ಡ್ರಮ್ಮುಗಳಿಂದ ಒಳಗೆ ತೆವಳಿಕೊಂಡು ಹೋಗುವಂಥ ಕತ್ತಲೆ ಮನೆ ಕಟ್ಟಿದರು. ದೃಷ್ಟಿ ಆಗಬಾರದು ಅಂತ ಗಾಡಿಗಳ ಬಂಪರಿಗೆ ಕೂದಲಿನ ಹಗ್ಗ ಕಟ್ಟುತ್ತಾರಲ್ಲ, ಅಂಥ ಹಗ್ಗ ಸುಮಾರು 4 ಕಿಲೋಮೀಟರ್ ಸೇರಿಸಿ, ಕಾರಿನ ಬಂಪರುಗಳನ್ನು ಅದಕ್ಕೆ ತೂಗುಹಾಕಿದರು. ಅದು 2009ರಲ್ಲಿ ಇಟಲಿಯ ವೆನಿಸ್ಸಿನ ದೊಡ್ಡ ಕಲಾ ಪ್ರದರ್ಶನದಲ್ಲಿತ್ತು. ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದ ಆಸ್ತಿ.

ವೆನಿಸ್ಸಿಗೆ ಹೋಯಿತು ಅಂದ ಕೂಡಲೇ ನಮ್ಮ ಕಣ್ಣು ಅಗಲವಾಗುತ್ತದೆ. ಅದೇ ನನಗೆ ಬೇಜಾರು. ಹೊರದೇಶದವರು ಚಪ್ಪಾಳೆ ಹೊಡೆದರು ಅಂತ ನಾನು ಇದನ್ನು ಹೇಳಲಿಲ್ಲ. ಸಗಣಿ, ಕುಂಕುಮ, ದಾರ, ಡಾಂಬರು ಡ್ರಮ್, ಬಂಪರಿನ ಕೂದಲು, ಇವೆಲ್ಲ ನಾವು ದಿನಾ ದಾಟಿಕೊಂಡು ಹೋಗುವ ಸಾಮಾನುಗಳು. ಒಬ್ಬ ಹೆಣ್ಣುಮಗಳು ನಿಂತು ಅವನ್ನು ಇನ್ನೊಮ್ಮೆ ನೋಡಿದಳು. ನಾವು ಯಾಕೆ ನೋಡುವುದಿಲ್ಲ?

ಮೊದಲು ನೋಡುತ್ತಿದ್ದೆವು ಅಂತ ನನಗನಿಸುತ್ತದೆ. ಹಾನಗಲ್ ದಾಟಿ ಸೊರಬ, ಸಾಗರದ ಕಡೆ ಹೋದರೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಲು ಸಿಗುತ್ತದೆ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸೀದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗ ಒಯ್ಯುವ ಬುಟ್ಟಿಗೂ ಚಿತ್ತಾರ ಬರೆಯುತ್ತಾರೆ, ಭೂಮಣ್ಣಿ ಬುಟ್ಟಿ ಅಂತ ಅದಕ್ಕೊಂದು ಹೆಸರೇ ಇದೆ. ಭೂಮಿತಾಯಿಗೆ ಊಟ ಒಯ್ಯುವ ಬುಟ್ಟಿ ಚಂದ ಇರಬೇಕು ಅಂತ ಯಾವ ಕೃಷಿ ಅಧಿಕಾರಿಯೂ ಹೇಳಿಕೊಟ್ಟಿಲ್ಲ.

ನಮ್ಮ ಕಡೆಯದೇ ಹೇಳುವುದಾದರೆ, ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಹೊಲದ ಎರೆ ಮಣ್ಣು ತಂದು ಎತ್ತು ಮಾಡುತ್ತಿದ್ದೆವು. ನನ್ನ ಎತ್ತಿಗೆ ಯಾವಾಗಲೂ ಕಾಲು ಮುರಿಯುತ್ತಿತ್ತು, ಕಡ್ಡಿ ಚುಚ್ಚಿ ನಿಲ್ಲಿಸುತ್ತಿದ್ದೆ. ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ, ಗುಲಗಂಜಿಯ ಕಣ್ಣಿಟ್ಟು, ಹೂವು ಮುಡಿಸಿ ಮನೆಮನೆಗೆ ಒಯ್ಯುತ್ತಿದ್ದರು. ಯಾರ ಗುಳ್ಳವ್ವನೂ ಇನ್ನೊಬ್ಬರ ಗುಳ್ಳವ್ವನ ಹಾಗೆ ಇರುತ್ತಿರಲಿಲ್ಲ. ಈಗ ಸಂತೆಯಲ್ಲಿ ಅಚ್ಚಿನಿಂದ ತೆಗೆದ ಎತ್ತು ಬರುತ್ತವೆ, ಬಣ್ಣ ಹಚ್ಚಿದವು, ಎಲ್ಲ ಒಂದೇ ಮುಖದವು. ಬಾಗಿಲ ಮುಂದೆ ರಂಗೋಲಿಯ ಸ್ಟಿಕರ್. (ಸ್ಟಿಕರ್ ಅಂಟಿಸಿದ ಮನೆಯವರು ಸಿಟ್ಟಾಗಬೇಡಿ, ನಮ್ಮ ಮನೆಯಲ್ಲೂ ಇದೆ.) ಹಳೆಯದೆಲ್ಲ ಬಂಗಾರ ಅಂತಲೂ ನಾನು ಹೇಳುವುದಿಲ್ಲ. ನಮ್ಮಜ್ಜಿ ವಾರಕ್ಕೊಮ್ಮೆ ಮನೆ ಪೂರ್ತಿ ಸಾರಿಸುವಾಗ 'ಇದು ನಿನಗೆ ಖುಷಿಯೋ, ದುಡಿಮೆಯೋ' ಅಂತ ಯಾರೂ ಕೇಳಲಿಲ್ಲ. ಸಿಮೆಂಟು ಬಂದಾಗ ಆಕೆ ನಿಟ್ಟುಸಿರು ಬಿಟ್ಟಿದ್ದು ನನಗೆ ನೆನಪಿದೆ. ಸಿಮೆಂಟು ಬರಲಿ, ತಪ್ಪಿಲ್ಲ. ಅದರ ಜೊತೆಗೆ ಕೈಯೂ ನಿಂತುಹೋಗಬೇಕಿತ್ತೇ?

ಕೈ ನಿಂತ ಜಾಗಕ್ಕೆ ಬಂದು ಕೂತದ್ದು ಫ್ಲೆಕ್ಸು. ನಮ್ಮೂರ ಸರ್ಕಲ್ಲಿನಲ್ಲಿ ಯಾವಾಗ ನೋಡಿದರೂ ಒಂದು ಹುಟ್ಟುಹಬ್ಬದ ಫ್ಲೆಕ್ಸ್. ನಡುವೆ ಒಬ್ಬ ದೊಡ್ಡವ, ಸುತ್ತ ಮೂವತ್ತು ತಲೆ, ಎಲ್ಲರಿಗೂ ಕೂಲಿಂಗ್ ಗ್ಲಾಸ್. ನಮಗೆ ನಮ್ಮ ಮುಖ ಕಾಣುವುದು ಅಲ್ಲಿ ಮಾತ್ರ. ಪಟ್ಟಣದಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ನವಿಲು, ಅಂಗಡಿ ಬೋರ್ಡಿನಲ್ಲಿ ಉರುಟು ಅಕ್ಷರ ಬರೆಯುತ್ತಿದ್ದ ಒಬ್ಬ ಹಿರಿಯ ಪೇಂಟರ್ ಇದ್ದರು. ಫ್ಲೆಕ್ಸ್ ಮಷಿನ್ ಬಂದ ಎರಡೇ ವರ್ಷಕ್ಕೆ ಅಂಗಡಿ ಮುಚ್ಚಿ, ಈಗ ಮನೆಗಳಿಗೆ ಡಿಸ್ಟೆಂಪರ್ ಹೊಡೆಯುತ್ತಾರೆ.

'ಚಿತ್ರಾ ಬರದ್ರ ಹೊಟ್ಟಿ ತುಂಬತೈತೇನು?' ಈ ಪ್ರಶ್ನೆ ಬಂದೇ ಬರುತ್ತದೆ. ಎಲ್ಲರಿಗೂ ತುಂಬುವುದಿಲ್ಲ. ಸುಳ್ಳು ಆಸೆ ತೋರಿಸಲು ನಾನು ತಯಾರಿಲ್ಲ. ಮಕ್ಕಳೆಲ್ಲ ಕಲಾವಿದರಾಗಲಿ ಅಂತಲೂ ಕೇಳುತ್ತಿಲ್ಲ. ಮೂರು ತಾಸು ರೀಲ್ಸ್ ನೋಡಿದರೆ ಯಾರ ಹೊಟ್ಟೆ ತುಂಬಿದೆ? ಅದನ್ನು ಯಾರೂ ಕೇಳುವುದಿಲ್ಲ, ಬಕೆಟ್ಟೂ ಕೊಡುವುದಿಲ್ಲ.

ಗೋಡೆ ಗೀಚಿದ ಹುಡುಗರೆಲ್ಲ ಹಾಳಾಗುತ್ತಾರೆ ಅನ್ನುವವರಿಗೆ ಆರ್.ಕೆ. ಲಕ್ಷ್ಮಣ್ ಕತೆ ಹೇಳಬೇಕು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮನೆಯ ನೆಲ, ಬಾಗಿಲು, ಗೋಡೆ ಒಂದನ್ನೂ ಬಿಡದೆ ಬರೆದರು. ಶಾಲೆಯಲ್ಲಿ ಮೇಷ್ಟರು ಎಲೆಯೊಂದನ್ನು ಬರೆಯಲು ಹೇಳಿದಾಗ ಅರಳಿ ಎಲೆ ಬರೆದರು, ಮೇಷ್ಟರು ಮೆಚ್ಚಿದರು. ಆವತ್ತೇ ತಾನು ಚಿತ್ರಕಾರ ಅಂತ ಮನಸ್ಸಿನಲ್ಲಿ ಕೂತಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಮುಂದೆ ಮುಂಬೈನ ಜೆ.ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ. ಕನ್ನಡದ 'ಕೊರವಂಜಿ' ಹಾಸ್ಯ ಪತ್ರಿಕೆ ಅವರ ವ್ಯಂಗ್ಯಚಿತ್ರಗಳನ್ನು ಹಾಕಿತು. ಚೌಕಳಿ ಕೋಟಿನ ಆ ಶ್ರೀಸಾಮಾನ್ಯ ದೊಡ್ಡದೊಡ್ಡವರ ಹಿಂದೆ ಬಾಯಿ ಬಿಡದೆ ನಿಂತು ಹತ್ತಾರು ವರ್ಷ ದೇಶವನ್ನು ನೋಡಿದ. ಆ ಮೇಷ್ಟರು ಒಂದು ಅರಳಿ ಎಲೆ ನೋಡಿ ಒಂದು ಒಳ್ಳೆಯ ಮಾತು ಆಡಿದ್ದಕ್ಕೆ ಖರ್ಚಾದದ್ದು ಎಷ್ಟು?

ನಮ್ಮ ಹುಡುಗಿಗೆ ಸಿಕ್ಕಿದ್ದು ಬೇರೆ. ಅವಳಮ್ಮ ನನಗೆ ಹೇಳಿದ್ದು, ಮೊದಲೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆ ತುಂಬ ಏನಾದರೂ ಬರೆಯುತ್ತಿದ್ದಳಂತೆ, ಆಡು, ಬಸ್ಸು, ಮೂಗುತಿ ಹಾಕಿದ ಬೆಕ್ಕು. ಈಗ ಹಾಳೆ ಖಾಲಿ. ಶಾಲೆಯ ಚಿತ್ರ ಸ್ಪರ್ಧೆಗೆ ಹೆಸರು ಕೊಟ್ಟಳು, ಎರಡು ಬೆಟ್ಟ ಬರೆದಳು, ಸಮಾಧಾನಕರ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಬಂತು. ಆ ಲೋಟ ನೋಡಿದಾಗಲೆಲ್ಲ ನನಗೆ ಸಂಕಟ. ಕಲಿಸಬೇಕಾದ್ದನ್ನು ನಾವು ಚೆನ್ನಾಗಿಯೇ ಕಲಿಸಿದೆವು. ನೀನು ಕಂಡದ್ದನ್ನು ಬರೆದರೆ ಬಕೆಟ್, ಕಾಣದ್ದನ್ನು ನಕಲು ಮಾಡಿದರೆ ಲೋಟ.

ಸರ್ಕಾರಿ ಶಾಲೆಯ ಶಿಕ್ಷಕರ ಮೇಲೆ ಎಲ್ಲ ಹೊರಿಸುವುದು ಸುಲಭ. ಬಿಸಿಯೂಟ, ಗಣತಿ, ಆ್ಯಪು, ತರಬೇತಿ, ಎಲ್ಲದರ ನಡುವೆ ಅವರಿಗೆ ಗೋಡೆ ಚಂದ ಕಾಣಬೇಕು, ಮೇಲಿನವರು ಬಂದಾಗ ಫೋಟೊ ಬರಬೇಕು. ಅದೇ ಪೇಂಟರನ್ನು ಕರೆಸಿ ಅದೇ ಚಿತ್ರ ಆರಿಸಿದ ಸಭೆಯಲ್ಲಿ ನಮ್ಮೂರ ಪಾಲಕರೇ ಕೂತಿದ್ದರು. ಒಬ್ಬರೂ 'ಹುಡುಗ್ರನ್ನ ಕೇಳೋಣು' ಅನ್ನಲಿಲ್ಲ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಶಾಲೆಯ ಹಿಂದಿನ ಗೋಡೆ, ಹೊಲದ ಕಡೆ ಮುಖ ಮಾಡಿದ್ದು, ಇನ್ನೂ ಬಣ್ಣ ಕಂಡಿಲ್ಲ. ಅದಕ್ಕೆ ಸುಣ್ಣ ಬಳಿದು ಮಕ್ಕಳಿಗೆ ಬಿಟ್ಟುಕೊಡಿ. ಇದ್ದಲು, ಕೆಮ್ಮಣ್ಣು, ಅರಿಶಿನ, ನೀಲಿ ಪುಡಿ, ಏನು ಸಿಗುತ್ತದೋ ಅದರಲ್ಲಿ ಬರೆಯಲಿ. ಕೊಳಕಾದರೆ ವರ್ಷಕ್ಕೊಮ್ಮೆ ಮತ್ತೆ ಸುಣ್ಣ. ಬಾಗಿಲ ಮುಂದಿನ ರಂಗೋಲಿ ಮಧ್ಯಾಹ್ನದವರೆಗೂ ಉಳಿಯುವುದಿಲ್ಲ, ಅದಕ್ಕಾಗಿ ಯಾರೂ ಅಳುವುದಿಲ್ಲ, ಮರುದಿನ ಇನ್ನೊಂದು ಹಾಕುತ್ತಾರೆ. ಡಿಸ್ಟೆಂಪರ್ ಹೊಡೆಯುತ್ತಿರುವ ಆ ಹಿರಿಯ ಪೇಂಟರನ್ನು ಎರಡು ದಿನ ಕರೆಸಿ, ದಿನಗೂಲಿ ಕೊಟ್ಟು, ಕುಂಚ ಹಿಡಿಯುವುದು ಹೇಗೆಂದು ಮಕ್ಕಳಿಗೆ ತೋರಿಸಲು ಹೇಳಿ. ಚಿತ್ರ ಯಾವುದು ಬೇಕು ಅಂತ ಮೊಬೈಲ್ ತೆಗೆಯುವುದು ಮಾತ್ರ ಬೇಡ.

ಇದನ್ನು ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿದೆ. ಒಬ್ಬರು ನಕ್ಕರು, ಇಬ್ಬರು ಫೋನ್ ನೋಡುತ್ತಿದ್ದರು, ಅಧ್ಯಕ್ಷರು 'ನೋಡೋಣು, ಮಳಿಗಾಲ ಮುಗೀಲಿ' ಅಂದರು. ಬೇಡ ಅನ್ನಲಿಲ್ಲ. ಆವತ್ತು ತೆಗೆದ ರಾಶಿ ಮಷಿನ್ನಿನ ಫೋಟೊ ನನ್ನ ಫೋನಿನಲ್ಲಿದೆ. ಹಾವೇರಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ, ಫ್ಲೆಕ್ಸ್ ಅಂಗಡಿಯಲ್ಲೇ, ಬೇರೆ ದಾರಿ ಇರಲಿಲ್ಲ. ಮುಂದಿನ ಸಭೆಗೆ ಅದನ್ನು ಒಯ್ಯುತ್ತೇನೆ. ಹುಡುಗಿಯ ಅಪ್ಪನಿಗೆ ಮೊದಲು ತೋರಿಸಿದೆ. ಬಹಳ ಹೊತ್ತು ನೋಡಿ, ಟವೆಲ್ ಸುತ್ತಿಕೊಂಡ ಆ ಸಣ್ಣ ಮನುಷ್ಯನ ಮೇಲೆ ಬೆರಳಿಟ್ಟು, 'ಬುಟ್ಟಿ ಎಡಗೈಯಾಗ ಹಿಡಕೊಂಡಾನ ನೋಡ್ರಿ, ನಾನೂ ಎಡಚನ' ಅಂದರು.