ಮಾಲ್ಡೀವ್ಸ್‌ನಲ್ಲಿ ಪ್ರವಾಸೋದ್ಯಮದ ಹಂತ ಹಂತದ ಪುನರಾರಂಭ: ಒಂದು ವಿಶ್ಲೇಷಣೆ

ಹಿನ್ನೆಲೆ

ಹಿಂದೂ ಮಹಾಸಾಗರದ ಮಾಲ್ಡೀವ್ಸ್ ಗಣರಾಜ್ಯವು ಸುಮಾರು 1,200 ಹವಳದ ದ್ವೀಪಗಳನ್ನು ಒಳಗೊಂಡಿದ್ದು, ಇವುಗಳ ಪೈಕಿ 200ಕ್ಕೂ ಕಡಿಮೆ ದ್ವೀಪಗಳಲ್ಲಿ ಮಾತ್ರ ಸ್ಥಳೀಯ ಜನವಸತಿ ಇರುತ್ತದೆ. 1972ರಲ್ಲಿ ಪ್ರಾರಂಭವಾದ ಪ್ರವಾಸೋದ್ಯಮವು ಕಾಲಕ್ರಮೇಣ ಮೀನುಗಾರಿಕೆಯನ್ನು ಹಿಂದಿಕ್ಕಿ ದೇಶದ ಪ್ರಧಾನ ಆದಾಯ ಮೂಲವಾಗಿ ಬೆಳೆದಿದೆ. 2019ರಲ್ಲಿ 17 ಲಕ್ಷಕ್ಕೂ ಅಧಿಕ ವಿದೇಶಿ ಪ್ರವಾಸಿಗರು ಈ ದೇಶಕ್ಕೆ ಭೇಟಿ ನೀಡಿದ್ದರು. ಕೋವಿಡ್-19 ಸಾಂಕ್ರಾಮಿಕದ ಕಾರಣ 2020ರ ಮಾರ್ಚ್ 27ರಿಂದ ಪ್ರವಾಸಿ ವೀಸಾ ನೀಡಿಕೆಯನ್ನು ಸ್ಥಗಿತಗೊಳಿಸಲಾಯಿತು. ಆ ವರ್ಷ ದೇಶದ ಒಟ್ಟು ಆಂತರಿಕ ಉತ್ಪನ್ನವು ಸುಮಾರು ಮೂರನೇ ಒಂದು ಭಾಗದಷ್ಟು ಕುಸಿಯಿತು.

ಮೊದಲ ಹಂತ: ರೆಸಾರ್ಟ್ ದ್ವೀಪಗಳು

2020ರ ಜುಲೈ 15ರಂದು ಗಡಿಗಳನ್ನು ಪುನಃ ತೆರೆಯಲಾಯಿತು. ಆದರೆ ಪ್ರವಾಸಿಗರ ವಾಸ್ತವ್ಯಕ್ಕೆ ಜನವಸತಿ ಇಲ್ಲದ ದ್ವೀಪಗಳ ರೆಸಾರ್ಟ್‌ಗಳು ಹಾಗೂ ವಿಹಾರ ನೌಕೆಗಳಿಗೆ ಆದ್ಯತೆ ನೀಡಲಾಯಿತು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಹಳೆಯ ಪದ್ಧತಿಯು ಇಲ್ಲಿ ಉಪಯೋಗಕ್ಕೆ ಬಂದಿತು. ಅತಿಥಿಗಳು ಮತ್ತು ಸ್ಥಳೀಯ ಜನರ ನಡುವೆ ಸಮುದ್ರವೇ ಇದ್ದುದರಿಂದ, ಪ್ರತ್ಯೇಕ ವ್ಯವಸ್ಥೆ ಕಲ್ಪಿಸದೆಯೇ ಅಂತರವನ್ನು ಕಾಯ್ದುಕೊಳ್ಳುವುದು ಸಾಧ್ಯವಾಯಿತು. ಸೆಪ್ಟೆಂಬರ್ 10ರಿಂದ ಪ್ರವಾಸಿಗರು ಸೋಂಕು ಇಲ್ಲವೆಂಬ ಪರೀಕ್ಷಾ ವರದಿಯನ್ನು ಹಾಜರುಪಡಿಸುವುದು ಕಡ್ಡಾಯವಾಯಿತು.

ಇದರ ಮತ್ತೊಂದು ಮುಖವನ್ನು ನೌಕರರ ಜೀವನದಲ್ಲಿ ಕಾಣಬಹುದಾಗಿದೆ. ರೆಸಾರ್ಟ್ ಸಿಬ್ಬಂದಿ ಕೆಲಸದ ದ್ವೀಪದಲ್ಲಿಯೇ ವಸತಿ ಹೊಂದಿರುತ್ತಾರೆ. ಅತಿಥಿಗಳಿಗೆ ರಕ್ಷಣೆ ಒದಗಿಸಿದ ಅದೇ ಸಮುದ್ರವು, ಸಿಬ್ಬಂದಿಯನ್ನು ದೀರ್ಘಕಾಲ ಕುಟುಂಬದಿಂದ ದೂರವಿರಿಸಿತು.

ಎರಡನೇ ಹಂತ: ಜನವಸತಿಯ ದ್ವೀಪಗಳು

2010ರ ಸುಮಾರಿನಿಂದ ಮಾಫುಶಿ ಮುಂತಾದ ಜನವಸತಿಯ ದ್ವೀಪಗಳಲ್ಲಿ ಸ್ಥಳೀಯ ಕುಟುಂಬಗಳು ಅತಿಥಿಗೃಹಗಳನ್ನು ನಡೆಸುತ್ತಾ ಬಂದಿವೆ. ಇವುಗಳಿಗೆ ಅನುಮತಿ ದೊರೆತದ್ದು 2020ರ ಅಕ್ಟೋಬರ್ 15ರಿಂದ, ಅಂದರೆ ರೆಸಾರ್ಟ್‌ಗಳು ತೆರೆದ ಮೂರು ತಿಂಗಳ ನಂತರ. ಮನೆಗಳು, ಶಾಲೆ, ಮಸೀದಿ ಒತ್ತಾಗಿರುವ ಚಿಕ್ಕ ದ್ವೀಪದಲ್ಲಿ ಸೋಂಕು ಹರಡಿದಲ್ಲಿ ಚಿಕಿತ್ಸಾ ಸೌಲಭ್ಯ ಸಾಲದೆಂಬುದನ್ನು ಗಮನಿಸಿದಾಗ, ಈ ವಿಳಂಬವು ಆರೋಗ್ಯದ ದೃಷ್ಟಿಯಿಂದ ಸಮರ್ಥನೀಯವಾಗಿತ್ತು. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ಹೊರೆ ಸಮಾನವಾಗಿರಲಿಲ್ಲ. ಆದಾಯ ನಿಂತರೂ ಸಾಲದ ಕಂತು, ಕಟ್ಟಡದ ನಿರ್ವಹಣೆ ಮುಂತಾದ ವೆಚ್ಚಗಳು ನಿಲ್ಲುವುದಿಲ್ಲ. ಹಲವು ಶಾಖೆಗಳುಳ್ಳ ದೊಡ್ಡ ಸಂಸ್ಥೆಯು ಇಂತಹ ನಷ್ಟವನ್ನು ಇತರೆಡೆಯ ಆದಾಯದಿಂದ ಸರಿದೂಗಿಸಬಲ್ಲದು. ನಾಲ್ಕಾರು ಕೊಠಡಿಗಳ ಅತಿಥಿಗೃಹ, ದೋಣಿ ನಡೆಸುವವರು ಮತ್ತು ಚಿಕ್ಕ ಅಂಗಡಿಗಳಿಗೆ ಇಂತಹ ಅವಕಾಶವಿರುವುದಿಲ್ಲ.

ಭಾರತದ ಪಾತ್ರ

2020ರ ಮೇ ತಿಂಗಳಿನಲ್ಲಿ ‘ಸಮುದ್ರ ಸೇತು’ ಕಾರ್ಯಾಚರಣೆಯಡಿ ಐಎನ್‌ಎಸ್ ಜಲಾಶ್ವ ನೌಕೆಯು ಮಾಲೆಯಿಂದ 698 ಭಾರತೀಯರನ್ನು ಕೊಚ್ಚಿಗೆ ಕರೆತಂದಿತು. ಅದೇ ವರ್ಷ ವಿಮಾನ ಸಂಚಾರ ಭಾಗಶಃ ಪುನರಾರಂಭವಾದ ನಂತರ, ಮಾಲ್ಡೀವ್ಸ್‌ಗೆ ತೆರಳಿದ ಪ್ರವಾಸಿಗರಲ್ಲಿ ಭಾರತೀಯರು ಮೊದಲ ಸ್ಥಾನ ಪಡೆದರು. 2021ರ ಜನವರಿಯಲ್ಲಿ ಭಾರತವು ಒಂದು ಲಕ್ಷ ಡೋಸ್ ಲಸಿಕೆಯನ್ನು ಕೊಡುಗೆಯಾಗಿ ನೀಡಿತು. ಎರಡನೇ ಅಲೆಯ ಸಂದರ್ಭದಲ್ಲಿ, 2021ರ ಏಪ್ರಿಲ್ 27ರಿಂದ ಭಾರತೀಯ ಪ್ರವಾಸಿಗರು ಜನವಸತಿಯ ದ್ವೀಪಗಳಲ್ಲಿ ತಂಗುವುದನ್ನು, ಮೇ 13ರಿಂದ ದಕ್ಷಿಣ ಏಷ್ಯಾದ ಪ್ರವಾಸಿಗರ ಪ್ರವೇಶವನ್ನೇ ತಾತ್ಕಾಲಿಕವಾಗಿ ನಿರ್ಬಂಧಿಸಲಾಯಿತು. ಈ ಬಾರಿಯೂ ಮೊದಲು ಬಾಗಿಲು ಮುಚ್ಚಿದ್ದು ಸ್ಥಳೀಯ ಅತಿಥಿಗೃಹಗಳಿಗೆ ಎಂಬುದು ಗಮನಾರ್ಹ. ಜುಲೈ ಮಧ್ಯಭಾಗದಲ್ಲಿ ಪ್ರವೇಶವನ್ನು ಪುನಃ ಕಲ್ಪಿಸಲಾಯಿತು.

ಸಾರಾಂಶ

ಪ್ರವಾಸಿಗರ ಸಂಖ್ಯೆಯು 2020ರಲ್ಲಿ ಸುಮಾರು 5.55 ಲಕ್ಷಕ್ಕೆ ಇಳಿದು, 2021ರಲ್ಲಿ 13 ಲಕ್ಷವನ್ನು ದಾಟಿತು. ಈ ಚೇತರಿಕೆ ಶ್ಲಾಘನೀಯ. ಆದಾಗ್ಯೂ, ಒಟ್ಟು ಸಂಖ್ಯೆಯೊಂದರಿಂದಲೇ ಚೇತರಿಕೆಯನ್ನು ಅಳೆಯುವುದು ಸಮಂಜಸವಲ್ಲ. ಹಂತ ಹಂತವಾಗಿ ತೆರೆಯುವಾಗ ಯಾರು ಮೊದಲು, ಯಾರು ನಂತರ ಎಂಬ ನಿರ್ಧಾರದೊಂದಿಗೆ ಕಾಯುವ ವೆಚ್ಚವೂ ಹಂಚಿಕೆಯಾಗುತ್ತದೆ. ಆದುದರಿಂದ ಸಾರ್ವಜನಿಕ ಆರೋಗ್ಯದ ಹಿತಕ್ಕಾಗಿ ಕೊನೆಯಲ್ಲಿ ತೆರೆಯಬೇಕಾದವರಿಗೆ ಸಾಲ ಮರುಪಾವತಿಯ ಅವಧಿ ವಿಸ್ತರಣೆ ಹಾಗೂ ಆದಾಯ ನೆರವು ಮೊದಲು ದೊರೆಯುವಂತಾಗಬೇಕು ಎಂಬುದು ಈ ದ್ವೀಪಗಳ ಅನುಭವದಿಂದ ತಿಳಿದುಬರುವ ಮುಖ್ಯ ಅಂಶವಾಗಿದೆ.